ಗುರುಗ್ರಹದಲ್ಲಿ ಅಪ್ಪನ ತುಲಾಭಾರ

ಕೂಟಗಲ್, ಸೋಮವಾರ, ಜುಲೈ ೧೪

ಅಪ್ಪನ ಹರಕೆ ಇವತ್ತೂ ಮುಂದಕ್ಕೆ ಹೋಯಿತು. ಕಾಯಿಲೆ ಬೀಳುವಾಗ ಅರವತ್ತೆಂಟು ಕೆಜಿ ಇದ್ದರು, ಈಗ ಐವತ್ತು. ಅಷ್ಟಕ್ಕೇ ಬೆಲ್ಲ ತೂಗಿದರೆ ದೇವರಿಗೆ ಮೋಸ ಎಂಬುದು ಅವ್ವನ ವಾದ. "ಒಸಿ ಮೈ ತುಂಬ್ಕೊಳ್ಲಿ, ಆಮೇಲೆ ತೂಗಾನ" ಎನ್ನುತ್ತಾ ಮೂರು ತಿಂಗಳಿಂದ ಮುದ್ದೆ ತಿನ್ನಿಸುತ್ತಿದ್ದಾಳೆ. ಅಪ್ಪ ಅರ್ಧ ಮುದ್ದೆಗೇ ಕೈ ತೊಳೆಯುತ್ತಾರೆ.

ಸಂಜೆ ನನ್ನ ಮಗಳು ಸಿರಿ ವಿಜ್ಞಾನದ ಪುಸ್ತಕ ಹಿಡಿದು ಬಂದಳು. "ಅಜ್ಜಿ, ತಾತನ್ನ ಗುರುಗ್ರಹಕ್ಕೆ ಕರ್ಕೊಂಡೋಗು. ಎರಡೂವರೆ ಪಟ್ಟು ಭಾರ, ನೂರಿಪ್ಪತ್ತೈದು ಕೆಜಿ ಆಯ್ತಾರೆ. ಶನೀಲಾದ್ರೆ ಮೂರೇ ಕೆಜಿ ಜಾಸ್ತಿ."

"ಶನಿ ಸವಾಸ ಬ್ಯಾಡ ಕಣವ್ವ" ಎಂದಳು ಅವ್ವ. ಗುರುವಿನ ಬಗ್ಗೆ ಮಾತ್ರ ಯೋಚನೆಗೆ ಬಿದ್ದಳು. ನಾನೇ ಕೆಡಿಸಿದೆ: ಅಲ್ಲಿ ಬೆಲ್ಲವೂ ಎರಡೂವರೆ ಪಟ್ಟು ಭಾರ, ತಕ್ಕಡಿ ಸಮವಾಗಲು ಇಲ್ಲಿ ಬೇಕಾದಷ್ಟೇ ಬೆಲ್ಲ ಸಾಕು.

ಮಂಚದಿಂದ ಅಪ್ಪ, "ಎಲ್ಲೋದ್ರೂ ನಾನಿರಾದು ಇಷ್ಟೇಯ ಕಣಮ್ಮಿ. ಇದ್ದಷ್ಟು ತೂಗ್ಬುಡು" ಎಂದರು. ಅವ್ವ ಎದ್ದು ಒಲೆ ಮುಂದೆ ಹೋಗಿ ಕೂತಳು.

ಅಪ್ಪನಿಗೆ ಗುರುಬಲ, ಬಚ್ಚಲಿಗೆ ಎತ್ತಿ ಒಯ್ಯುವ ನನ್ನ ಸೊಂಟ ದುರ್ಬಲ. ಪ್ರಾಸ ಕೂಡಿತು, ನಗು ಬರಲಿಲ್ಲ.

ಈಗ ಮಲಗುವ ಮುಂಚೆ ಅವ್ವ ಬಾಗಿಲಲ್ಲಿ ನಿಂತು, "ಅಂಗ್ಡಿಯವ್ನಿಗೆ ಐವತ್ತು ಕೆಜಿ ಬೆಲ್ಲ ಹೇಳ್ಬುಡು ಮಗ" ಎಂದಳು. ಹೂಂ ಅಂದೆ. ಅರವತ್ತೆಂಟು ಎಂದೇ ಹಟ ಹಿಡಿದಿದ್ದರೆ ಚೆನ್ನಾಗಿತ್ತು.