ಕಾಜದಷ್ಟು ಗಾಯ

ಅಕ್ಕಾ,

ನೀನು ನಿದ್ದೆಯಲ್ಲಿದ್ದೆ, ಎಬ್ಬಿಸಲಿಲ್ಲ. ಅಂಗಡಿಗೆ ಹೋಗ್ತಿದ್ದೀನಿ. ಮಾತ್ರೆ ದಿಂಬಿನ ಪಕ್ಕ ಇದೆ, ಊಟ ಮಾಡಿಯೇ ತಗೋ.

ಕೆಳಗಿನ ಕಪಾಟಿನ ಪಾತ್ರೆ, ಡಬ್ಬ ಎಲ್ಲಾ ಕಟ್ಟೆ ಮೇಲಿಟ್ಟಿದ್ದೀನಿ. ಏನೇ ಬಿದ್ದರೂ ಬಗ್ಗಬೇಡ, ಬಿದ್ದಲ್ಲೇ ಇರಲಿ. ಬಕೆಟ್ ಮುಟ್ಟಿದರೆ ನೋಡು!

ನಿನ್ನೆ ತಪ್ಪು ನಂದೇ. ಬೆನ್ನುಮೂಳೆ ಆಪರೇಷನ್ ಅಂದಮೇಲೆ ಉದ್ದಕ್ಕೂ ಹೊಲಿಗೆ ಇರುತ್ತೆ ಅಂದ್ಕೊಂಡಿತ್ತು ನಿನ್ನ ಈ ದರ್ಜಿ ತಮ್ಮನ ತಲೆ. ಅಂಗಿಯ ಗುಂಡಿ ತೂರಿಸೋ ಕಾಜದಷ್ಟು ಗಾಯ ಕಂಡು, "ಇಷ್ಟಕ್ಕೆ ಇಷ್ಟು ನರಳಾಟಾನಾ?" ಅಂದು ನೀರಿನ ಬಕೆಟ್ ನಿನ್ನ ಕೈಲೇ ಎತ್ತಿಸಿದೆ. ತೂತು ಚಿಕ್ಕದಾದರೂ ಒಳಗೆ ಮೂಳೆ ಕೊರೆದು ನರ ಬಿಡಿಸಿದ್ದಾರೆ ಅಂತ, ಆಸ್ಪತ್ರೆಯ ನರ್ಸಮ್ಮ ಫೋನಿನಲ್ಲಿ ಉಗಿದಮೇಲೆ ತಿಳೀತು. ನೀನು ತುಟಿ ಕಚ್ಚಿ, ಗೋಡೆ ಹಿಡಿದು ನಡೆದದ್ದು ಕಣ್ಣಿಂದ ಹೋಗ್ತಿಲ್ಲ.

ಸಂಜೆ ಬೇಗ ಬರ್ತೀನಿ. ಬೈಯೋಕೂ ಎದ್ದು ಬರಬೇಡ. ಮಂಚದ ಹತ್ತಿರ ನಾನೇ ಬಂದು ನಿಲ್ತೀನಿ.