ಮೌನಿಗೆ ಕಂಬಳಿ ಕೊಟ್ಟ ಅಪರಾಧದ ಕುರಿತು

ಮಾನ್ಯ ಆಡಳಿತಾಧಿಕಾರಿಗಳೇ,

ನಮ್ಮ ಆಶ್ರಯಧಾಮದ ಇಪ್ಪತ್ಮೂರು ಚಿಂಪಾಂಜಿಗಳ ಕಂಬಳಿಗಳನ್ನು ತಾವು ಕಸಿದುಕೊಂಡಿದ್ದೀರಿ. ಅವರಲ್ಲೊಬ್ಬನಿಗೆ ನಾನು ಒಂದು ಕಂಬಳಿ ಕೊಟ್ಟೆನೆಂದು ನನ್ನಿಂದಲೇ ಲಿಖಿತ ವಿವರಣೆ ಕೇಳಿದ್ದೀರಿ. ಒಂಬತ್ತು ವರ್ಷದಿಂದ ಆ ಕಂಬಳಿಗಳನ್ನು ಒಗೆಯುತ್ತಿರುವವಳು ನಾನು. ವಿವರಣೆಯನ್ನು ಕಚೇರಿಗೆ ಕೊಟ್ಟರೆ ಅದು ಕಡತದೊಳಗೆ ಬೆಚ್ಚಗೆ ಮಲಗಿಬಿಡುತ್ತದೆ. ಸದ್ಯಕ್ಕೆ ನಮ್ಮಲ್ಲಿ ಆ ಭಾಗ್ಯ ಕಡತಗಳಿಗೆ ಮಾತ್ರ ಇರುವುದರಿಂದ, ತಾವು ದಿನವೂ ತಪ್ಪದೆ ಓದುವ ಪತ್ರಿಕೆಗೇ ಕಳಿಸಿದ್ದೇನೆ.

ಕಂಬಳಿಗಳ ರಾಶಿಯಿಂದ ಕೋಣೆಗಳು ‘ಅಶಿಸ್ತಾಗಿ’ ಕಾಣುತ್ತವೆ, ಮಟ್ಟಸವಾದ ರಬ್ಬರ್ ಹಾಸು ಸಾಕು ಎಂಬುದು ತಮ್ಮ ಸುತ್ತೋಲೆಯ ಸಾರ. ತಾವು ಪರಿಶೀಲನೆಗೆ ಬಂದದ್ದು ಬೆಳಿಗ್ಗೆ ಎಂಟಕ್ಕೆ. ಆಗತಾನೇ ಎದ್ದುಹೋದವರ ಹಾಸಿಗೆ ಯಾರ ಮನೆಯಲ್ಲಿ ತಾನೇ ಅಚ್ಚುಕಟ್ಟಾಗಿರುತ್ತದೆ? ಸಂಜೆ ಐದಕ್ಕೆ ಬಂದಿದ್ದರೆ ಶಿಸ್ತು ಕಾಣುತ್ತಿತ್ತು. ಬೆಳಿಗ್ಗೆ ಒಂದು ಹಣ್ಣಿಗಾಗಿ ಕೂದಲು ಕಿತ್ತಾಡಿಕೊಂಡ ಇಬ್ಬರು ಚಿಂಪಾಂಜಿ ಹೆಂಗಸರಲ್ಲಿ ಒಬ್ಬಳು ಬಂದು ಕೈ ಚಾಚುತ್ತಾಳೆ. ಇನ್ನೊಬ್ಬಳು ಆ ಕೈಯನ್ನು ತುಟಿಗೆ ತಾಗಿಸಿ, ಬೆನ್ನು ತಿರುಗಿಸಿ ಕೂತು, ಹೇನು ಹೆಕ್ಕಿಸಿಕೊಳ್ಳುತ್ತಾಳೆ. ರಾಜಿಯಾಗುತ್ತದೆ, ಸಮಿತಿ ಕೂರುವುದಿಲ್ಲ, ನಡಾವಳಿ ಬರೆಯುವುದಿಲ್ಲ. ಆಮೇಲೆ ಪ್ರತಿಯೊಬ್ಬರೂ ಕಂಬಳಿಗಳನ್ನು ಎಳೆದುಕೊಂಡು, ಸುತ್ತ ಅಂಚು ಕಟ್ಟಿ, ನಡುವೆ ತುಳಿದು, ಗುಂಡಗೆ ಗೂಡು ಮಾಡಿಕೊಳ್ಳುತ್ತಾರೆ. ಕಾಡಿನಲ್ಲಾದರೆ ಕೊಂಬೆ ಬಾಗಿಸಿ ಹೀಗೆಯೇ ಮಾಡುತ್ತಾರೆ. ಇದನ್ನು ತಾಯಿಯ ಮಗ್ಗುಲಲ್ಲಿದ್ದು ಕಲಿಯಬೇಕು.

ಮೌನಿಗೆ ಆ ಅದೃಷ್ಟವಿರಲಿಲ್ಲ. ಪ್ರಯೋಗಾಲಯದ ಪಂಜರದಲ್ಲಿ ಹದಿನೆಂಟು ವರ್ಷ ಒಬ್ಬನೇ ಇದ್ದು ಬಂದವನು. ಹೊತ್ತು ಇಳಿದರೆ ಸರಳು ಹಿಡಿದು ಕೂತೇ ತೂಕಡಿಸುತ್ತಿದ್ದ. ಕಂಬಳಿ ಕೊಟ್ಟರೆ ತಲೆಯ ಮೇಲೆ ಹಾಕಿಕೊಂಡು ಹಾಗೇ ಇರುತ್ತಿದ್ದ. ಪಕ್ಕದಲ್ಲಿ ಗೂಡು ಕಟ್ಟುತ್ತಿದ್ದವಳು ನಮ್ಮ ಗುಂಪಿನ ಹಿರಿಯಳು, ನಾವೆಲ್ಲ ದೊಡ್ಡಕ್ಕ ಅನ್ನುವವಳು. ಅವಳ ಕೈಗಳನ್ನೇ ಇವನು ನೋಡುತ್ತಿದ್ದ. ಹದಿನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ, ಅವರನ್ನು ನೋಡಿಕೊಳ್ಳುವ ಪಾಲಕ ನನ್ನನ್ನು ಒಗೆಯುವ ಕಟ್ಟೆಯಿಂದ ಕರೆದ. “ಅಕ್ಕಾ, ಸದ್ದು ಮಾಡ್ಬೇಡ, ಬಂದು ನೋಡು.” ಸೊಟ್ಟಪಟ್ಟ ಗೂಡಿನಲ್ಲಿ ಮೌನಿ ಕಾಲು ಚಾಚಿ ಮಲಗಿದ್ದ. ಮುಂಗೋಪಕ್ಕೆ ಹೆಸರಾದ ಆ ಪಾಲಕ, ಕಣ್ಣಿಗೆ ಧೂಳು ಬಿತ್ತೆಂದು ಹೇಳಿ ಆಚೆ ಹೋದ.

ತಮ್ಮ ಸುತ್ತೋಲೆ ಬಂದದ್ದು ಇದಾದ ಮೂರನೇ ವಾರಕ್ಕೆ. ಮೊದಲ ಸಂಜೆ ದೊಡ್ಡಕ್ಕ ಹಾಸಿನ ಅಡಿಯಲ್ಲೆಲ್ಲ ಹುಡುಕಿದಳು. ಉಳಿದವರು ಬಯಲಿನಿಂದ ಹುಲ್ಲು ತಂದರು, ಒಬ್ಬಳು ಪಾಲಕನ ಟವೆಲ್ಲನ್ನೇ ಹಾರಿಸಿದಳು. ಮೌನಿ ಎದ್ದು ಹೋಗಿ ಮತ್ತೆ ಸರಳು ಹಿಡಿದ. ನಾಲ್ಕು ದಿನ ನೋಡಿ ಮೇಲ್ವಿಚಾರಕರನ್ನು ಕೇಳಿದೆ.

“ಮೇಲಿನಿಂದ ಬಂದಿದ್ದಮ್ಮ, ನಾನೇನು ಮಾಡ್ಲಿ?” ಎಂದರು.

“ಮೇಲಿನವರು ಹೇಗೆ ಮಲಗ್ತಾರೆ ಸಾರ್, ರಬ್ಬರ್ ಮೇಲಾ?” ಎಂದೆ. ಅವರು ಕೆಮ್ಮಿದರು.

ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆ ತಮ್ಮ ಹಾಸಿಗೆಯಿಂದ ಕಂಬಳಿ ಎಳೆದುಕೊಟ್ಟರು. “ತಗೊಂಡ್ಹೋಗು. ನಿನ್ನ ಗಂಡ ಕೂಸಾಗಿದ್ದಾಗ ಮೂರು ತಿಂಗಳು ಕೂತೇ ನಿದ್ದೆ ಮಾಡಿದೀನಿ. ಆ ಸಂಕಟ ನಂಗೊತ್ತು.”

ಮರುದಿನ ಸಂಜೆ ಅದನ್ನು ಮೌನಿಗೆ ಕೊಟ್ಟೆ. ಮೂಸಿ ನೋಡಿ ಎದೆಗೆ ಒತ್ತಿಕೊಂಡ. ಅಷ್ಟರಲ್ಲಿ ದೊಡ್ಡಕ್ಕ ಎದುರಿಗೆ ಬಂದು ಅಂಗೈ ಚಾಚಿದಳು. ಕೊಡಲಾರ ಅಂದುಕೊಂಡೆ, ಬದುಕಿನಲ್ಲಿ ಅವನ ಜೊತೆ ಯಾರು ಏನನ್ನು ಹಂಚಿಕೊಂಡಿದ್ದರು? ಬಹಳ ಹೊತ್ತು ಅವಳ ಕೈ ನೋಡಿದ. ಆಮೇಲೆ ಹಲ್ಲಿನಿಂದ ಕಂಬಳಿಯನ್ನು ಸೀಳಿ, ಒಂದು ತುಂಡನ್ನು ಅವಳತ್ತ ತಳ್ಳಿದ.

ರಾತ್ರಿ ಊಟಕ್ಕೆ ಕೂತಾಗ ಅತ್ತೆ ಕೇಳಿದರು, “ಹೊದ್ದನಾ?”

“ಹರಿದ.”

“ಅಯ್ಯೋ, ಒಳ್ಳೇ ಕಂಬಳಿ.”

“ಅರ್ಧ ದೊಡ್ಡಕ್ಕನಿಗೆ ಕೊಟ್ಟ.”

ಅತ್ತೆ ಅನ್ನ ಕಲಸುತ್ತಲೇ, “ಹಂಗಾದ್ರೆ ಇನ್ನೊಂದನ್ನೂ ತಗೊಂಡ್ಹೋಗು” ಎಂದರು.

ಆ ಇನ್ನೊಂದನ್ನು ಒಯ್ಯುವಾಗಲೇ ಗೇಟಿನಲ್ಲಿ ಸಿಕ್ಕಿಬಿದ್ದೆ, ಮೊದಲಿನದೂ ಬಯಲಾಯಿತು. ‘ಅನಧಿಕೃತ ಜವಳಿ ಪ್ರವೇಶ’ ಎಂದು ನೋಟೀಸು ಬಂತು. ಶಬ್ದ ಚೆನ್ನಾಗಿದೆ, ಅತ್ತೆಗೆ ಓದಿ ಹೇಳಿದೆ, ತಮ್ಮ ಹೊದಿಕೆಗೆ ಇಷ್ಟು ದೊಡ್ಡ ಹೆಸರು ಸಿಕ್ಕಿತಲ್ಲ ಎಂದು ಹಿಗ್ಗಿದರು. ಆದರೆ ಮಾನ್ಯರೇ, ಕಲಿತದ್ದನ್ನು ಮೌನಿ ಮರೆತರೆ ಮತ್ತೆ ಹದಿನಾಲ್ಕು ತಿಂಗಳು ಕಲಿಸಲು ದೊಡ್ಡಕ್ಕನಿಗೆ ಅಷ್ಟು ಆಯುಸ್ಸಿದೆಯೋ ಇಲ್ಲವೋ ಯಾರು ಬಲ್ಲರು?

ಆದ್ದರಿಂದ ಸುತ್ತೋಲೆಯನ್ನು ಹಿಂಪಡೆಯಿರಿ. ಕಂಬಳಿಗಳೆಲ್ಲ ಒಗೆದು ಮಡಿಸಿ ಗೋದಾಮಿನಲ್ಲಿವೆ, ಬೀಗದ ಕೈ ನನ್ನ ಬಳಿ ಇದೆ. ಸೋಮವಾರ ಸಂಜೆ ಐದಕ್ಕೆ ಬಾಗಿಲು ತೆಗೆಯುತ್ತೇನೆ. ತಡೆಯಬೇಕೆನಿಸಿದರೆ ಖುದ್ದಾಗಿ ಬನ್ನಿ, ಮೌನಿಯ ಕೋಣೆಯೆದುರು ತಮಗೊಂದು ಕುರ್ಚಿ ಹಾಕಿಸಿರುತ್ತೇನೆ. ಅವನು ಮಲಗುವವರೆಗೆ ಕೂತಿದ್ದು, ಆಮೇಲೆ ನನ್ನ ಅಮಾನತಿನ ಆದೇಶಕ್ಕೆ ಸಹಿ ಹಾಕಬಹುದು.

ಇಂತಿ,
ಸೋಮವಾರದವರೆಗಾದರೂ ತಮ್ಮ ನೌಕರಳಾಗಿರುವ
ಕಂಬಳಿ ಒಗೆಯುವವಳು