ನಾವು ಶೇಂಗಾ ಸುಲಿಯಲು ಸೇರಿದವರಲ್ಲ

ನಮ್ಮ ಸಮುದಾಯ ಭವನಕ್ಕೆ ಬೀಗ ಜಡಿಸಿದ ಮಾನ್ಯ ಅಧಿಕಾರಿಗಳೇ,

ಭವನದ ಬಾಗಿಲಿಗೆ ತಾವು ಅಂಟಿಸಿರುವ ನೋಟೀಸಿನಲ್ಲಿ, ಅಲ್ಲಿ ‘ಅನುಮತಿಯಿಲ್ಲದೆ ಶೇಂಗಾ ಸುಲಿಯುವ ವಾಣಿಜ್ಯ ಚಟುವಟಿಕೆ’ ನಡೆಯುತ್ತಿತ್ತು ಎಂದಿದೆ. ತಮ್ಮ ಕರ್ತವ್ಯನಿಷ್ಠೆ ದೊಡ್ಡದು. ಇದೇ ಭವನದಲ್ಲಿ ಇಸ್ಪೀಟು ನಡೆಯುತ್ತಿದ್ದಾಗ ಆ ನಿಷ್ಠೆ ಯಾವ ಊರಿಗೆ ಹೋಗಿತ್ತೋ ತಿಳಿಯದು. ಆದರೆ ಈ ಸಲ ತಮ್ಮನ್ನೇ ಪೂರ್ತಿ ದೂರುವ ಹಾಗಿಲ್ಲ. ತಮಗೆ ಸುಳ್ಳು ಹೇಳಿದವನು ನಾನು.

ಭಾನುವಾರ ಮಧ್ಯಾಹ್ನ ಅಲ್ಲಿ ಸೇರುತ್ತಿದ್ದವರು ಕೂಡ್ಲಿಗಿ, ಕೊಟ್ಟೂರು, ಚಿಗಟೇರಿ ಕಡೆಯವರು. ಗಂಡಸರನ್ನು ಪ್ರೀತಿಸುವ ಗಂಡಸರು, ಹೆಂಗಸರನ್ನು ಪ್ರೀತಿಸುವ ಹೆಂಗಸರು, ಗಂಡೆಂದು ಬೆಳೆಸಿದರೂ ಹೆಣ್ಣಾಗಿ ಬಾಳುತ್ತಿರುವ ಅಂಜಿನಕ್ಕನಂಥವರು. ತನ್ನ ಹೆಸರು ಹಾಕಲೇಬೇಕೆಂದು ಅಂಜಿನಕ್ಕನೇ ಹೇಳಿದ್ದಾಳೆ. ಬಿತ್ತನೆಯ ಶೇಂಗಾ ಮಷಿನ್ನಿಗೆ ಹಾಕಿದರೆ ಬೀಜ ಒಡೆಯುತ್ತದೆಂದು ನಮ್ಮ ಕಡೆ ಕೈಯಲ್ಲೇ ಸುಲಿಯುತ್ತಾರೆ. ಅವಳು ರೈತರಿಂದ ಒಂದು ಚೀಲ ತಂದು ನಡುವೆ ಸುರಿಯುತ್ತಿದ್ದಳು. ರಾಶಿಯ ಸುತ್ತ ಕೂತರೆ ಕೈಗೆ ಕೆಲಸವಿರುತ್ತದೆ, ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ. ಮನೆಯಲ್ಲಿ ಹೇಳಲಾಗದ್ದು ಅಲ್ಲಿ ತಾನಾಗಿ ಬಾಯಿಗೆ ಬರುತ್ತಿತ್ತು. ಒಬ್ಬರು ಅತ್ತರೆ, ಅದೇ ಕಷ್ಟ ಕಂಡ ಇನ್ನೊಬ್ಬರು ತಾವು ಹೇಗೆ ಪಾರಾದೆವೆಂದು ಹೇಳುತ್ತಿದ್ದರು. ಶೇಂಗಾ ಒಂದು ನೆಪ.

ಅಲ್ಲಿಗೆ ಬರುತ್ತಿದ್ದ ಒಬ್ಬಳನ್ನು ಸುಕನ್ಯಾ ಎಂದು ಕರೆಯುತ್ತೇನೆ. ಹೆಸರು ಬದಲಿಸಿದ್ದೇನೆ, ಊರು ಹೇಳುವುದಿಲ್ಲ. ಅವಳ ಮನಸ್ಸು ಒಬ್ಬ ಗೆಳತಿಯ ಮೇಲೆ, ಮನೆಯವರು ಗಂಡು ನೋಡುತ್ತಿದ್ದರು. ಮೊದಮೊದಲು ತುಟಿ ಬಿಚ್ಚದವಳು ಒಂದು ದಿನ, “ಇಲ್ಲಿ ಕುಂತಾಗ ಅಷ್ಟ ನಾನು ಸುಳ್ಳು ಹೇಳಂಗಿಲ್ಲರಿ” ಎಂದಳು.

ತಾವು ತಪಾಸಣೆಗೆ ಬಂದಾಗ ಅವಳು ನನ್ನ ಪಕ್ಕದಲ್ಲೇ ಇದ್ದಳು. ಇವಳು ಯಾರು, ಇಲ್ಲೇನು ಕೆಲಸ ಎಂದು ಕೇಳಿದಿರಿ. ಸತ್ಯದ ಬಗ್ಗೆ ಮಕ್ಕಳಿಂದ ಪ್ರಬಂಧ ಬರೆಸುವ ಕನ್ನಡ ಮೇಷ್ಟ್ರು ನಾನು. ಎದ್ದು ನಿಂತು, ಕೈ ಕಟ್ಟಿ, “ಕೂಲಿಗೆ ಬಂದಾಳ್ರಿ ಸರ್, ಶೇಂಗಾ ಸುಲಿಯಾಕ” ಎಂದೆ. ಸುಕನ್ಯಾ ಒಮ್ಮೆ ನನ್ನ ಮುಖ ನೋಡಿದಳು. ಮಡಿಲಿನ ಸಿಪ್ಪೆ ಕೊಡವಿ ಹೊರಟುಹೋದಳು. ಅಂದಿನಿಂದ ಬಂದಿಲ್ಲ, ಫೋನೂ ಎತ್ತುತ್ತಿಲ್ಲ. ಮದುವೆ ಗೊತ್ತಾಗಿದೆಯಂತೆ.

ತಾವು ಹೋದ ಮೇಲೆ ಅಂಜಿನಕ್ಕ ನನ್ನನ್ನು ಬಯ್ಯಲಿಲ್ಲ. “ಆ ಹುಡುಗಿ ಒಂದ ಜಾಗದಾಗ ಖರೇ ಮಾತಾಡ್ತಿದ್ಲು. ಅಲ್ಲೂ ಸುಳ್ಳು ತಂದಿಟ್ಟೆಲ್ಲೋ ಗುರು” ಎಂದಳು. ನನಗೆ ನಾಚಿಕೆಯಾಗಿದೆ, ಮಾನ್ಯರೇ. ತರಗತಿಯಲ್ಲಿ ಹೆಣ್ಣುಮಕ್ಕಳ ಸಾಲಿನ ಕಡೆ ಮುಖವೆತ್ತಿ ಪಾಠ ಮಾಡಲಾಗದಷ್ಟು ನಾಚಿಕೆ.

ಬೀಗ ತೆಗೆಸಿ ಎಂದು ಕಚೇರಿಗೆ ಬಂದಾಗಲೂ, ಮನಸ್ಸಿನ ಕಷ್ಟ ಹಂಚಿಕೊಳ್ಳುತ್ತೇವೆ ಎಂದಷ್ಟೇ ತೊದಲಿದೆ. ಅದಕ್ಕೆ ಅರ್ಹತೆಯುಳ್ಳ ಆಪ್ತ ಸಮಾಲೋಚಕರಿದ್ದಾರಲ್ಲ ಎಂದಿರಿ. ತಮ್ಮ ಮಾತಿಗೆ ಬೆಲೆ ಕೊಟ್ಟು ಅಂಥ ಒಬ್ಬರ ಬಳಿ ಹೋದೆ. ಅವರ ಕೋಣೆಯ ಬಾಗಿಲು ತೆರೆದೇ ಇತ್ತು, ಹೊರಗಿನ ಬೆಂಚಿನಲ್ಲಿ ನನ್ನ ವಿದ್ಯಾರ್ಥಿಯ ತಾಯಿ ಕೂತಿದ್ದರು. ನನ್ನ ವಿಷಯ ಪಿಸುಗುಟ್ಟಿದೆ. ಆ ಸಮಾಲೋಚಕರು ಕೆಟ್ಟವರಲ್ಲ, ನೀರು ಕೊಟ್ಟರು. ಆಮೇಲೆ, “ನಿಮ್ಮ ಅಣ್ಣಾರ್ನ ಕರ್ಕೊಂಡು ಬರ್ರಿ, ಕುಂತು ಮಾತಾಡಿ ಮದುವಿಗೆ ಒಪ್ಪಸೋಣು” ಎಂದರು. ಅಲ್ಲಿಂದ ಓಡಿಬಂದೆ.

ವೈದ್ಯರು ಬೇಡವೆಂದು ನಾನು ವಾದಿಸುತ್ತಿಲ್ಲ. ನಿದ್ದೆಗೆಟ್ಟವರನ್ನು, ಸಾಯುವ ಮಾತಾಡಿದವರನ್ನು ಅಂಜಿನಕ್ಕನೇ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ದಿದ್ದಾಳೆ. ಆದರೆ ಒಬ್ಬರನ್ನು ಪ್ರೀತಿಸುವುದು ಯಾವ ರೋಗ? ರೋಗವೇ ಇಲ್ಲದವರಿಗೆ ಚಿಕಿತ್ಸೆ ಏತಕ್ಕೆ? ನಮಗೆ ಬೇಕಾದದ್ದು ನಮ್ಮಂಥವರು ಪಕ್ಕದಲ್ಲಿ ಕೂರುವ ಒಂದು ಜಾಗ. ಅದಕ್ಕೆ ಯಾವ ಪದವಿ ತರಬೇಕೆಂದು ತಾವೇ ತಿಳಿಸಿ.

ಬರುವ ಭಾನುವಾರದೊಳಗೆ ಬೀಗ ತೆಗೆಸಿ. ಅನುಮತಿ ಪತ್ರದಲ್ಲಿ ನಾವು ಯಾರೆಂದು, ಯಾಕೆ ಸೇರುತ್ತೇವೆಂದು ಇದ್ದದ್ದು ಇದ್ದಂತೆ ಬರೆಯಿರಿ. ಸಹಿ ನಾನು ಹಾಕುತ್ತೇನೆ. ಈ ಪತ್ರವನ್ನು ಪತ್ರಿಕೆಗೂ ಕಳಿಸಿದ್ದೇನೆ, ಸುಕನ್ಯಾ ಓದುತ್ತಾಳೋ ಇಲ್ಲವೋ. ಓದಿ ಒಮ್ಮೆ ಬಂದರೆ, ಆ ಬಾಗಿಲು ತೆರೆದಿರಬೇಕು.

ಇಂತಿ,
ಗಂಡಸರನ್ನು ಪ್ರೀತಿಸುವವರಲ್ಲಿ ಒಬ್ಬನಾದ, ಅದನ್ನು ಸ್ವಂತ ಅಣ್ಣನಿಗೂ ಈ ಪತ್ರದಲ್ಲೇ ತಿಳಿಸುತ್ತಿರುವ ಪುಕ್ಕಲು ಮೇಷ್ಟ್ರು,
ಗುರುಮೂರ್ತಿ